ಕಟ್ಟುವುದು ಬೇರೆ, ಸಜ್ಜುಗೊಳಿಸುವುದು ಬೇರೆ: ಚಾರ್ಲ್ಸ್ ಫ್ರಾನ್ಸಿಸ್ ಆಡಮ್ಸ್ ಮತ್ತು ಅಲಬಾಮಾ ಹಡಗಿನ ದಾವೆ

1862ರ ಜುಲೈ 29ರ ಬೆಳಗ್ಗೆ ಲಿವರ್‌ಪೂಲ್ ಬಂದರಿನಿಂದ ಹೊಸ ಹಡಗೊಂದು ಹೊರಟಿತು. ನದಿಯ ಆಚೆ ದಡದ ಬರ್ಕನ್‌ಹೆಡ್‌ನಲ್ಲಿ ಲೇರ್ಡ್ ಕಂಪನಿಯವರು ಕಟ್ಟಿದ ಆ ಹಡಗಿಗೆ ಕಾರ್ಖಾನೆಯ ದಫ್ತರದಲ್ಲಿ 290 ಎಂಬ ಅಂಕಿ ಮಾತ್ರ ಇತ್ತು. ನೀರಿಗಿಳಿಸುವಾಗ ಎನ್ರಿಕಾ ಎಂದು ಹೆಸರಿಟ್ಟಿದ್ದರು. ಪರೀಕ್ಷೆಗೆಂದು ಒಂದು ಸುತ್ತು ಹೋಗಿ ಬರುತ್ತೇವೆ ಎಂದು ಹೇಳಿ, ಅತಿಥಿಗಳನ್ನೂ ಹೆಂಗಸರನ್ನೂ ಹತ್ತಿಸಿಕೊಂಡು ಹೊರಟಿದ್ದರು. ಸಮುದ್ರ ಸೇರಿದ ಮೇಲೆ ಅತಿಥಿಗಳನ್ನು ಹರ್ಕ್ಯುಲಿಸ್ ಎಂಬ ಟಗ್ ದೋಣಿಗೆ ಇಳಿಸಿ ವಾಪಸ್ ಕಳಿಸಿದರು. ಹಡಗು ಮಾತ್ರ ಹಿಂದಿರುಗಲಿಲ್ಲ.

ಅದರ ಮೇಲೆ ಆಗ ಒಂದು ಫಿರಂಗಿಯೂ ಇರಲಿಲ್ಲ. ಫಿರಂಗಿ, ಮದ್ದುಗುಂಡು, ಕಲ್ಲಿದ್ದಲು ಎಲ್ಲವೂ ಬೇರೆ ಹಡಗುಗಳಲ್ಲಿ ಬ್ರಿಟನ್‌ನಿಂದಲೇ ಹೊರಟು ಅಟ್ಲಾಂಟಿಕ್ ನಡುವಿನ ಅಜೋರ್ಸ್ ದ್ವೀಪಗಳ ಬಳಿ ಅದನ್ನು ಕೂಡಿಕೊಂಡವು. ಆಗಸ್ಟ್ 24ರಂದು ಅಮೆರಿಕದ ದಕ್ಷಿಣ ರಾಜ್ಯಗಳ ಒಕ್ಕೂಟದ ಬಾವುಟ ಏರಿತು, ಹೆಸರು ಅಲಬಾಮಾ ಎಂದಾಯಿತು. ಕ್ಯಾಪ್ಟನ್ ರಾಫೆಲ್ ಸೆಮ್ಸ್‌ನ ಕೈಕೆಳಗೆ ಅದು ಸುಮಾರು 65 ಹಡಗುಗಳನ್ನು ಹಿಡಿಯಿತು. ಹೆಚ್ಚಿನವನ್ನು ಸುಟ್ಟಿತು. ಅವುಗಳಲ್ಲಿ ಒಂದು, 1864ರ ಜನವರಿಯಲ್ಲಿ, ನಮ್ಮ ಮಲಬಾರ್ ಕರಾವಳಿಯ ಹೊರಗಡಲಲ್ಲೇ ಸುಟ್ಟುಹೋಯಿತು.

ಅಮೆರಿಕದಿಂದ ಬೇರೆಯಾಗಿ ಹೋದ ದಕ್ಷಿಣ ರಾಜ್ಯಗಳಿಗೂ ಅಮೆರಿಕ ಸರ್ಕಾರಕ್ಕೂ ನಡುವೆ ಆಗ ಅಂತರ್ಯುದ್ಧ ನಡೆಯುತ್ತಿತ್ತು. ಬ್ರಿಟನ್ ಈ ಯುದ್ಧದಲ್ಲಿ ತಟಸ್ಥ ದೇಶ. ಹಡಗು ಕಟ್ಟಿದ್ದು ಬ್ರಿಟನ್‌ನಲ್ಲಿ, ನಾವಿಕರಲ್ಲಿ ಬಹುಪಾಲು ಬ್ರಿಟಿಷರು, ಆದರೆ ಶಸ್ತ್ರ ತೊಡಿಸಿದ್ದು ಬ್ರಿಟನ್‌ನ ಗಡಿಯಾಚೆ. ಹಾಗಾದರೆ ಸುಟ್ಟುಹೋದ ಹಡಗುಗಳ ನಷ್ಟವನ್ನು ಯಾರು ಕಟ್ಟಿಕೊಡಬೇಕು? ಈ ಪ್ರಶ್ನೆ ಇತ್ಯರ್ಥವಾಗಲು ಹತ್ತು ವರ್ಷ ಹಿಡಿಯಿತು. ಆ ಹತ್ತು ವರ್ಷದ ಶುರುವಿನಲ್ಲಿ ದೂರುದಾರನಾಗಿ, ಕೊನೆಯಲ್ಲಿ ತೀರ್ಪುಗಾರರಲ್ಲಿ ಒಬ್ಬನಾಗಿ ಕೂತ ಮನುಷ್ಯ ಚಾರ್ಲ್ಸ್ ಫ್ರಾನ್ಸಿಸ್ ಆಡಮ್ಸ್. ವಕೀಲ, ಶಾಸಕ, ರಾಯಭಾರಿ ಎಂಬ ಮೂರೂ ಕೆಲಸಗಳು ಅವರಲ್ಲಿ ಒಂದರೊಳಗೊಂದು ಹೆಣೆದುಕೊಂಡಿದ್ದವು. ಅದು ಅರ್ಥವಾಗಬೇಕಾದರೆ ಈ ಒಂದು ದಾವೆಯನ್ನು ಬಿಡಿಸಿ ನೋಡುವುದೇ ಸರಿಯಾದ ದಾರಿ.

ಲಂಡನ್‌ಗೆ ಮೊದಲು

ಆಡಮ್ಸ್ ಹುಟ್ಟಿದ್ದು 1807ರ ಆಗಸ್ಟ್ 18ರಂದು, ಬಾಸ್ಟನ್‌ನಲ್ಲಿ. ಅಜ್ಜ ಜಾನ್ ಆಡಮ್ಸ್ ಅಮೆರಿಕದ ಎರಡನೇ ಅಧ್ಯಕ್ಷ, ಅಪ್ಪ ಜಾನ್ ಕ್ವಿನ್ಸಿ ಆಡಮ್ಸ್ ಆರನೆಯವರು. ಇಬ್ಬರೂ ತಮ್ಮ ಕಾಲದಲ್ಲಿ ಲಂಡನ್‌ನಲ್ಲಿ ಅಮೆರಿಕದ ಪ್ರತಿನಿಧಿಯಾಗಿದ್ದವರು. ಅಪ್ಪ ರಷ್ಯಾದಲ್ಲಿ ಪ್ರತಿನಿಧಿಯಾಗಿದ್ದ ಕಾಲದಲ್ಲಿ ಮಗನ ಬಾಲ್ಯ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕಳೆಯಿತು. 1825ರಲ್ಲಿ ಹಾರ್ವರ್ಡ್‌ನಿಂದ ಪದವಿ. ಆಮೇಲೆ ಆ ಕಾಲದ ರೂಢಿಯಂತೆ ಹಿರಿಯ ವಕೀಲರ ಕಚೇರಿಯಲ್ಲಿ ಕೂತು ಕಾನೂನು ಕಲಿತರು. ಆ ಹಿರಿಯರು ಡೇನಿಯಲ್ ವೆಬ್‌ಸ್ಟರ್. 1829ರಲ್ಲಿ ವಕೀಲಿ ಸನದು ಸಿಕ್ಕಿತು, ಅದೇ ವರ್ಷ ಬಾಸ್ಟನ್‌ನ ಭಾರಿ ಶ್ರೀಮಂತ ವ್ಯಾಪಾರಿ ಪೀಟರ್ ಶಾರ್ಡನ್ ಬ್ರೂಕ್ಸ್ ಅವರ ಮಗಳು ಅಬಿಗೇಲ್ ಜೊತೆ ಮದುವೆಯಾಯಿತು.

ನ್ಯಾಯಾಲಯದಲ್ಲಿ ವಾದಿಸಿ ಹೆಸರು ಮಾಡಿದ ವಕೀಲರಲ್ಲ ಇವರು. ಮನೆತನದ ಆಸ್ತಿ, ಬಾಡಿಗೆ, ಕಾಗದಪತ್ರ ನೋಡಿಕೊಳ್ಳುವುದರಲ್ಲೇ ವಕೀಲಿಕೆಯ ಹೆಚ್ಚಿನ ಪಾಲು ಕಳೆಯಿತು. ಅಜ್ಜನ ಬರಹಗಳನ್ನು ಜೋಡಿಸಿ 10 ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಈ ಕೆಲಸವನ್ನು ಸಣ್ಣದೆಂದು ತಳ್ಳಿಹಾಕುವಂತಿಲ್ಲ. ಯಾವ ಪತ್ರ ಯಾವ ತಾರೀಕಿನದು, ಅದಕ್ಕೆ ಬಂದ ಉತ್ತರ ಎಲ್ಲಿದೆ, ಎರಡರ ನಡುವೆ ಎಷ್ಟು ದಿನ ಕಳೆಯಿತು ಎಂದು ತಾಳೆ ಹಾಕುವ ಕೆಲಸವನ್ನು ಅವರು ವರ್ಷಗಟ್ಟಲೆ ಮಾಡಿದ್ದರು. ಲಂಡನ್‌ನಲ್ಲಿ ಕೈಹಿಡಿದದ್ದು ಇದೇ ಅಭ್ಯಾಸ.

ಮ್ಯಾಸಚೂಸೆಟ್ಸ್ ಶಾಸನಸಭೆಯಲ್ಲಿ ಅವರು 1841ರಿಂದ ಮೂರು ವರ್ಷ ಕೆಳಮನೆಯಲ್ಲಿ, ಆಮೇಲೆ ಎರಡು ವರ್ಷ ಮೇಲ್ಮನೆಯಲ್ಲಿದ್ದರು. ಆ ಅವಧಿಯ ಒಂದು ಕೆಲಸವನ್ನು ಹತ್ತಿರದಿಂದ ನೋಡಬೇಕು. ವರ್ಜೀನಿಯಾದಿಂದ ತಪ್ಪಿಸಿಕೊಂಡು ಬಂದ ಜಾರ್ಜ್ ಲ್ಯಾಟಿಮರ್ ಎಂಬ ಗುಲಾಮನನ್ನು 1842ರ ಅಕ್ಟೋಬರ್‌ನಲ್ಲಿ ಬಾಸ್ಟನ್‌ನಲ್ಲಿ ಹಿಡಿದು ಜೈಲಿಗೆ ಹಾಕಿದರು. ಊರು ಸಿಡಿದೆದ್ದಿತು. 60,000ಕ್ಕೂ ಹೆಚ್ಚು ಜನ ಸಹಿ ಹಾಕಿದ ಅರ್ಜಿ ಶಾಸನಸಭೆಗೆ ಬಂತು. ಅದನ್ನು ಪರಿಶೀಲಿಸುವ ಸಮಿತಿಯ ನೇತೃತ್ವ ಆಡಮ್ಸ್ ಅವರದಾಯಿತು. ತೊಡಕು ಏನೆಂದರೆ, ಓಡಿಬಂದ ಗುಲಾಮರನ್ನು ಹಿಂದಿರುಗಿಸಬೇಕೆನ್ನುವುದು ಕೇಂದ್ರದ ಕಾನೂನು. ರಾಜ್ಯ ಅದನ್ನು ರದ್ದು ಮಾಡುವಂತಿಲ್ಲ. ಆದರೆ ಅದೇ ವರ್ಷ ಸುಪ್ರೀಂ ಕೋರ್ಟ್ ಇನ್ನೊಂದು ಮೊಕದ್ದಮೆಯಲ್ಲಿ, ಆ ಕಾನೂನಿನ ಜಾರಿ ಕೇಂದ್ರದ ಹೊಣೆ, ರಾಜ್ಯದ ಅಧಿಕಾರಿಗಳನ್ನು ಅದಕ್ಕೆ ಬಲವಂತ ಮಾಡಲಾಗದು ಎಂಬ ಅರ್ಥ ಬರುವಂತೆ ಹೇಳಿತ್ತು. ಆ ಸಂದಿಯಲ್ಲೇ 1843ರ ಕಾಯ್ದೆ ಹುಟ್ಟಿತು: ರಾಜ್ಯದ ನ್ಯಾಯಾಧೀಶರು, ಪೊಲೀಸರು ಗುಲಾಮರನ್ನು ಹಿಡಿಯುವುದಕ್ಕೆ ನೆರವಾಗಕೂಡದು, ರಾಜ್ಯದ ಜೈಲುಗಳನ್ನು ಅದಕ್ಕೆ ಬಳಸಕೂಡದು.

ಕಾನೂನಿನ ಅಕ್ಷರಕ್ಕೂ ಅದರ ಉದ್ದೇಶಕ್ಕೂ ನಡುವೆ ಇರುವ ಸಂದಿಯನ್ನು ಒಳ್ಳೆಯದಕ್ಕೆ ಬಳಸಬಹುದು ಎಂದು ಆಡಮ್ಸ್ ಅಂದು ತೋರಿಸಿದರು. ಹತ್ತೊಂಬತ್ತು ವರ್ಷದ ನಂತರ ಅಂಥದೇ ಸಂದಿಯಲ್ಲಿ ನುಸುಳಿಹೋದ ಹಡಗೊಂದು ಅವರಿಗೇ ಎದುರಾಯಿತು.

ಉಳಿದ ರಾಜಕೀಯವನ್ನು ಬೇಗ ಹೇಳಬಹುದು. 1848ರಲ್ಲಿ ಗುಲಾಮಗಿರಿಯ ವಿಸ್ತರಣೆಯನ್ನು ವಿರೋಧಿಸಿದ ಫ್ರೀ ಸಾಯಿಲ್ ಪಕ್ಷದ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿ ನಿಂತು ಸೋತರು. 1859ರಿಂದ ರಿಪಬ್ಲಿಕನ್ ಪಕ್ಷದ ಪರವಾಗಿ ಕಾಂಗ್ರೆಸ್ ಸದಸ್ಯರಾಗಿದ್ದರು. 1860ರ ಚಳಿಗಾಲದಲ್ಲಿ ದಕ್ಷಿಣದ ರಾಜ್ಯಗಳು ಅಮೆರಿಕ ಒಕ್ಕೂಟವನ್ನು ಬಿಟ್ಟು ಹೊರಟಾಗ ರಾಜಿಸೂತ್ರ ಹುಡುಕಲು ರಚಿಸಿದ 33 ಜನರ ಸಮಿತಿಯಲ್ಲಿ ಕೂತರು. ರಾಜಿಯ ಮಾತಾಡಿದರೆಂದು ಹಳೆಯ ಗೆಳೆಯ ಚಾರ್ಲ್ಸ್ ಸಮ್ನರ್ ಅವರಿಂದ ದೂರವಾದರು. 1861ರ ಮಾರ್ಚ್‌ನಲ್ಲಿ ವಿದೇಶಾಂಗ ಕಾರ್ಯದರ್ಶಿ ವಿಲಿಯಂ ಸೀವರ್ಡ್ ಅವರ ಒತ್ತಾಯದಿಂದ ಅಧ್ಯಕ್ಷ ಲಿಂಕನ್ ಇವರನ್ನು ಲಂಡನ್‌ಗೆ ನೇಮಿಸಿದರು. ಹುದ್ದೆಯ ಹೆಸರು ಮಿನಿಸ್ಟರ್. ಅಮೆರಿಕ ಅಂಬಾಸಿಡರ್ ಎಂಬ ಪದವಿಯನ್ನು ಬಳಸಲು ಶುರು ಮಾಡಿದ್ದು 1893ರಲ್ಲಿ. ಈ ಲೇಖನದಲ್ಲಿ ರಾಯಭಾರಿ ಎನ್ನುವುದು ರೂಢಿಯ ಮಾತು.

ಯುದ್ಧನಿರತ ಪಕ್ಷ ಎಂದರೇನು

ಆಡಮ್ಸ್ ಲಂಡನ್ ತಲುಪಿದ್ದು 1861ರ ಮೇ 13ರಂದು. ರಾಣಿ ವಿಕ್ಟೋರಿಯಾ ಅವರ ತಟಸ್ಥತೆಯ ಘೋಷಣೆಗೂ ಅದೇ ತಾರೀಕು. ಅದರಲ್ಲಿ ಎರಡೂ ಕಡೆಯವರನ್ನು ಯುದ್ಧನಿರತ ಪಕ್ಷಗಳೆಂದು ಕರೆದಿತ್ತು. ಹೊಸ ರಾಯಭಾರಿ ತನ್ನ ಮಾತು ಹೇಳುವ ಮೊದಲೇ ಬ್ರಿಟನ್ ತೀರ್ಮಾನಿಸಿಬಿಟ್ಟಿತು ಎಂದು ವಾಷಿಂಗ್ಟನ್ ಕೆರಳಿತು.

ಒಂದು ಪದಕ್ಕೆ ಇಷ್ಟು ಕೋಪ ಏಕೆ? ದಂಗೆಕೋರರ ಹಡಗೊಂದು ಕಡಲಲ್ಲಿ ಇನ್ನೊಬ್ಬರ ಹಡಗನ್ನು ಹಿಡಿದರೆ ಅದು ಕಡಲ್ಗಳ್ಳತನ. ಯುದ್ಧನಿರತ ಪಕ್ಷದ ಹಡಗು ಅದೇ ಕೆಲಸ ಮಾಡಿದರೆ ಅದು ಯುದ್ಧದ ಹಕ್ಕು. ಅಂಥ ಪಕ್ಷ ಸಾಲ ಎತ್ತಬಹುದು, ಶಸ್ತ್ರ ಕೊಳ್ಳಬಹುದು, ನಡುಗಡಲಲ್ಲಿ ಹಡಗುಗಳನ್ನು ತಡೆದು ತಪಾಸಣೆ ಮಾಡಬಹುದು, ತಟಸ್ಥ ದೇಶದ ಬಂದರಿಗೆ ಬಂದು ಮಿತಿಯೊಳಗೆ ಕಲ್ಲಿದ್ದಲು ತುಂಬಿಸಿಕೊಳ್ಳಬಹುದು. 1862ರ ಜನವರಿ 31ರ ಬ್ರಿಟಿಷ್ ನಿಯಮದ ಪ್ರಕಾರ ಬಂದರಿನಲ್ಲಿ 24 ಗಂಟೆ ಮಾತ್ರ ತಂಗಬಹುದಿತ್ತು. ತನ್ನ ದೇಶದ ಹತ್ತಿರದ ಬಂದರು ತಲುಪಲು ಸಾಕಾಗುವಷ್ಟೇ ಕಲ್ಲಿದ್ದಲು ಸಿಗುತ್ತಿತ್ತು, ಅದೂ ಮೂರು ತಿಂಗಳಿಗೊಮ್ಮೆ. ಸ್ವತಂತ್ರ ದೇಶವೆಂಬ ಮಾನ್ಯತೆ ಮಾತ್ರ ಇದರಲ್ಲಿ ಬರುವುದಿಲ್ಲ. ಎರಡರ ನಡುವಿನ ಈ ಗೆರೆಯನ್ನು ಕಾಯುವುದೇ ಆಡಮ್ಸ್ ಅವರ ಏಳು ವರ್ಷದ ಕೆಲಸ.

ಇಲ್ಲಿ ಬ್ರಿಟನ್ನಿನ ವಾದದಲ್ಲೂ ಹುರುಳಿತ್ತು. ಏಪ್ರಿಲ್ 19ರಂದೇ ಲಿಂಕನ್ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಸಾರಿದ್ದರು. ಸ್ವಂತ ಬಂದರನ್ನು ಮುಚ್ಚುವುದು ಒಳನಾಡಿನ ಆದೇಶ. ದಿಗ್ಬಂಧನ ಯುದ್ಧದ ಕ್ರಮ. ನೀವೇ ಯುದ್ಧವೆಂದು ಒಪ್ಪಿದ ಮೇಲೆ ನಾವು ಹೇಳಿದ್ದರಲ್ಲಿ ತಪ್ಪೇನು ಎಂದು ವಿದೇಶಾಂಗ ಸಚಿವ ಲಾರ್ಡ್ ರಸೆಲ್ ಕೇಳಬಹುದಿತ್ತು.

ಇನ್ನೊಂದು ಸಂಗತಿ ನೆನಪಿರಲಿ. ಅಟ್ಲಾಂಟಿಕ್ ತಂತಿ 1858ರಲ್ಲಿ ಕೆಲವೇ ವಾರ ನಡೆದು ಕೆಟ್ಟಿತ್ತು, ಮತ್ತೆ ಗಟ್ಟಿಯಾಗಿ ಕೂಡಿದ್ದು 1866ರಲ್ಲಿ. ಅಂದರೆ ಯುದ್ಧದ ಉದ್ದಕ್ಕೂ ಸುದ್ದಿ ಹೋದದ್ದು ಉಗಿಹಡಗಿನಲ್ಲಿ. ಪತ್ರ ಹೋಗಿ ಉತ್ತರ ಬರಲು ಹೆಚ್ಚುಕಡಿಮೆ ಒಂದು ತಿಂಗಳು. ಸರ್ಕಾರದ ಆದೇಶ ಕೈಗೆ ಸಿಗುವಷ್ಟರಲ್ಲಿ ಪರಿಸ್ಥಿತಿಯೇ ಬದಲಾಗಿರುತ್ತಿತ್ತು. ಸೀವರ್ಡ್ ಬಿಸಿಯಾಗಿ ಬರೆದದ್ದನ್ನು ಎಷ್ಟು ಓದಿ ಹೇಳಬೇಕು, ಯಾವುದನ್ನು ಜೇಬಿನಲ್ಲೇ ಇಟ್ಟುಕೊಳ್ಳಬೇಕು ಎಂಬುದನ್ನು ಆಡಮ್ಸ್ ಒಬ್ಬರೇ ತೀರ್ಮಾನಿಸಬೇಕಿತ್ತು.

ಟ್ರೆಂಟ್ ಪ್ರಕರಣದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. 1861ರ ನವೆಂಬರ್ 8ರಂದು ಅಮೆರಿಕದ ಯುದ್ಧನೌಕೆ ಸಾನ್ ಹಸಿಂಟೊದ ಕ್ಯಾಪ್ಟನ್ ಚಾರ್ಲ್ಸ್ ವಿಲ್ಕ್ಸ್, ಕ್ಯೂಬಾದ ಬಳಿ ಟ್ರೆಂಟ್ ಎಂಬ ಬ್ರಿಟಿಷ್ ಟಪಾಲು ಹಡಗನ್ನು ತಡೆದು, ಯುರೋಪಿಗೆ ಹೊರಟಿದ್ದ ದಕ್ಷಿಣದ ಇಬ್ಬರು ದೂತರಾದ ಮೇಸನ್ ಮತ್ತು ಸ್ಲೈಡೆಲ್ ಅವರನ್ನು ಇಳಿಸಿಕೊಂಡ. ನವೆಂಬರ್ 27ರಂದು ಸುದ್ದಿ ಇಂಗ್ಲೆಂಡಿಗೆ ಬಂದಾಗ ಆಡಮ್ಸ್ ಯಾರ್ಕ್‌ಷೈರ್‌ನಲ್ಲಿ ಪರಿಚಿತರ ಮನೆಗೆ ಅತಿಥಿಯಾಗಿ ಹೋಗಿದ್ದರು. ತಂತಿ ಸಂದೇಶ ಕೈಗೆ ಬಂತು, ವಿವರ ಏನೂ ಗೊತ್ತಿಲ್ಲ, ಸರ್ಕಾರದ ನಿಲುವು ತಿಳಿಯಲು ವಾರಗಳೇ ಬೇಕು. ಆ ದಿನಗಳಲ್ಲಿ ಅವರು ವಿಲ್ಕ್ಸ್‌ನನ್ನು ಸಮರ್ಥಿಸಲೂ ಇಲ್ಲ, ಕೈಬಿಡಲೂ ಇಲ್ಲ.

ವಿಲ್ಕ್ಸ್ ಎಡವಿದ್ದು ಕ್ರಮದಲ್ಲಿ. ಹಡಗಿನಲ್ಲಿ ನಿಷಿದ್ಧ ಸರಕಿದೆ ಎನಿಸಿದರೆ ಇಡೀ ಹಡಗನ್ನು ತನ್ನ ದೇಶದ ಬಂದರಿಗೆ ಒಯ್ದು ನೌಕಾ ನ್ಯಾಯಾಲಯದ ಮುಂದೆ ನಿಲ್ಲಿಸಬೇಕು. ತೀರ್ಪು ಕೊಡುವುದು ನ್ಯಾಯಾಧೀಶನ ಕೆಲಸ. ವಿಲ್ಕ್ಸ್ ಹಡಗನ್ನು ಬಿಟ್ಟು ಮನುಷ್ಯರನ್ನು ಮಾತ್ರ ಎಳೆದೊಯ್ದ, ತಾನೇ ನ್ಯಾಯಾಧೀಶನಾದ. ಬ್ರಿಟನ್ ಕೆನಡಾಕ್ಕೆ ಸುಮಾರು 11,000 ಸೈನಿಕರನ್ನು ಕಳಿಸಿತು. ಅಮೆರಿಕದ ಸಿಡಿಮದ್ದು ತಯಾರಿಕೆಗೆ ಬೇಕಾಗಿದ್ದ, ಭಾರತದಿಂದ ಬರುತ್ತಿದ್ದ ಪೆಟ್ಲುಪ್ಪಿನ ರಫ್ತನ್ನು ತಡೆಹಿಡಿಯಿತು. ಕೆಲಸ ಉಳಿಸಿದ್ದು ಒಂದು ಸಣ್ಣ ವಾಕ್ಯ: ವಿಲ್ಕ್ಸ್ ಮಾಡಿದ್ದು ಸರ್ಕಾರದ ಆದೇಶದಿಂದಲ್ಲ ಎಂದು ಸೀವರ್ಡ್ ಬರೆದಿದ್ದರು. ಡಿಸೆಂಬರ್ 19ರಂದು ಆಡಮ್ಸ್ ಅದನ್ನು ರಸೆಲ್ ಅವರಿಗೆ ಓದಿ ಹೇಳಿದರು. ಡಿಸೆಂಬರ್ 26ರ ಉತ್ತರದಲ್ಲಿ ಅಮೆರಿಕ ಬಂದಿಗಳನ್ನು ಬಿಡಲು ಒಪ್ಪಿತು.

ಹತ್ತಿಯ ಲೆಕ್ಕ, ಧಾರವಾಡದ ಪಾಲು

ಯುದ್ಧಕ್ಕೆ ಮೊದಲು ಲ್ಯಾಂಕಷೈರ್ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಅಮೆರಿಕದ ದಕ್ಷಿಣ ರಾಜ್ಯಗಳದು. ಹತ್ತಿ ನಿಂತರೆ ಬ್ರಿಟನ್ ತಾನಾಗಿ ನಮ್ಮ ಪಕ್ಷಕ್ಕೆ ಬರುತ್ತದೆ ಎಂದು ದಕ್ಷಿಣದವರು ನಂಬಿದ್ದರು. ಆದರೆ 1860ರ ಭರ್ಜರಿ ಬೆಳೆಯಿಂದ ಉಗ್ರಾಣಗಳು ತುಂಬಿದ್ದವು, ಕೊರತೆ ನಿಜವಾಗಿ ಕಚ್ಚಿದ್ದು 1862ರಲ್ಲಿ. ಅಷ್ಟರಲ್ಲಿ ಬೇರೆ ಕಡೆ ಹುಡುಕಾಟ ಶುರುವಾಗಿತ್ತು. 1840ರ ದಶಕದಿಂದಲೇ ಧಾರವಾಡದ ಹೊಲಗಳಲ್ಲಿ ನ್ಯೂ ಆರ್ಲಿಯನ್ಸ್ ತಳಿಯ ಬೀಜ ಊರಿ ಬೆಳೆಸಿದ್ದರು. ವ್ಯಾಪಾರದಲ್ಲಿ ಅದಕ್ಕೆ ಧಾರವಾಡ-ಅಮೆರಿಕನ್ ಎಂದೇ ಹೆಸರು. ಅದು ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಯುದ್ಧದ ವರ್ಷಗಳಲ್ಲಿ ಅದರ ದರ ಏರಿತು, ಕಾರವಾರವನ್ನು ಹತ್ತಿಯ ಬಂದರಾಗಿ ಬೆಳೆಸುವ ಹುರುಪು ಹುಟ್ಟಿತು, 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1865ರಲ್ಲಿ ಯುದ್ಧ ಮುಗಿದಾಗ ದರ ಕುಸಿದು ಎಷ್ಟೋ ವ್ಯಾಪಾರಿಗಳು ಮುಳುಗಿದರು. ಲಂಡನ್ನಿನ ಪತ್ರವ್ಯವಹಾರಕ್ಕೂ ನಮ್ಮ ಎರೆಹೊಲಕ್ಕೂ ನಂಟಿದ್ದದ್ದು ಹೀಗೆ.

ಆದರೂ 1862ರ ಶರತ್ಕಾಲ ಅಪಾಯದ ಕಾಲ. ಅಕ್ಟೋಬರ್ 7ರಂದು ಹಣಕಾಸು ಸಚಿವ ಗ್ಲಾಡ್‌ಸ್ಟನ್ ನ್ಯೂಕ್ಯಾಸಲ್‌ನ ಭಾಷಣದಲ್ಲಿ, ದಕ್ಷಿಣದ ನಾಯಕರು ಒಂದು ರಾಷ್ಟ್ರವನ್ನೇ ಕಟ್ಟಿದ್ದಾರೆ ಎಂಬರ್ಥದ ಮಾತಾಡಿದರು. ಬ್ರಿಟನ್ ಮಧ್ಯೆ ಪ್ರವೇಶಿಸಿದರೆ ಏನು ಮಾಡಬೇಕೆಂಬ ಸೀವರ್ಡ್ ಅವರ ಆದೇಶ ಆಡಮ್ಸ್ ಬಳಿ ಇತ್ತು: ರಾಯಭಾರದ ಕೆಲಸ ನಿಲ್ಲಿಸುವುದು. ಅದನ್ನು ಅವರು ಹೊರಗೆ ತೆಗೆಯಲಿಲ್ಲ. ಅಕ್ಟೋಬರ್ 23ರಂದು ರಸೆಲ್ ಅವರನ್ನು ಕಂಡು, ಸರ್ಕಾರದ ನೀತಿ ಬದಲಾಗಿದೆಯೇ ಎಂದು ಕೇಳಿದರು. ಇಲ್ಲ ಎಂಬ ಉತ್ತರ ಪಡೆದು ಬಂದರು. ಬೆದರಿಕೆಯನ್ನು ಬಾಯಿಬಿಟ್ಟು ಹೇಳಿಬಿಟ್ಟರೆ ಎದುರಿನವನಿಗೆ ಹಿಂದೆ ಸರಿಯಲು ಜಾಗ ಉಳಿಯುವುದಿಲ್ಲ. ಇದನ್ನು ಆಡಮ್ಸ್ ಅರಿತಷ್ಟು ಆ ಕಾಲದಲ್ಲಿ ಕಡಿಮೆ ಜನ ಅರಿತಿದ್ದರು ಎಂಬುದು ನನ್ನ ಅಭಿಪ್ರಾಯ.

ಹಡಗು ಜಾರಿಹೋದದ್ದು ಹೇಗೆ

ಬ್ರಿಟನ್‌ನಲ್ಲಿ 1819ರ ಒಂದು ಕಾಯ್ದೆ ಇತ್ತು: ಬ್ರಿಟನ್ ಜೊತೆ ಶಾಂತಿಯಿಂದಿರುವ ದೇಶದ ವಿರುದ್ಧ ಬಳಸುವುದಕ್ಕೆ ಯಾರೂ ಬ್ರಿಟಿಷ್ ನೆಲದಲ್ಲಿ ಹಡಗನ್ನು ಸಜ್ಜುಗೊಳಿಸಕೂಡದು, ಶಸ್ತ್ರ ತೊಡಿಸಕೂಡದು. ದಕ್ಷಿಣದ ನೌಕಾಪಡೆಯ ಪರವಾಗಿ ಹಡಗು ಕಟ್ಟಿಸಲು ಬಂದ ಜೇಮ್ಸ್ ಬುಲೊಕ್ ಮೊದಲು ಮಾಡಿದ್ದು ಲಿವರ್‌ಪೂಲ್‌ನ ವಕೀಲರ ಸಲಹೆ ಕೇಳಿದ್ದು. ಬಂದ ಸಲಹೆ ಇದು: ಕಟ್ಟುವುದು ಅಪರಾಧವಲ್ಲ, ಸಜ್ಜುಗೊಳಿಸುವುದು ಅಪರಾಧ. ಹಡಗು ಒಂದು ಕಡೆ, ಫಿರಂಗಿ ಇನ್ನೊಂದು ಕಡೆ ಇದ್ದು, ಎರಡೂ ಕೂಡುವುದು ಬ್ರಿಟನ್ನಿನ ನೀರಿನಾಚೆ ಆದರೆ ಕಾಯ್ದೆ ಮುರಿಯುವುದಿಲ್ಲ. ಬುಲೊಕ್ ಇದನ್ನು ಅಕ್ಷರಶಃ ಪಾಲಿಸಿದ. 1862ರ ಮಾರ್ಚ್‌ನಲ್ಲಿ ಫ್ಲಾರಿಡಾ ಆಗಲಿದ್ದ ಹಡಗು ಇದೇ ರೀತಿ ಹೊರಟುಹೋಯಿತು.

ಎರಡನೇ ಹಡಗಿನ ಮೇಲೆ ಕಣ್ಣಿಟ್ಟವರು ಲಿವರ್‌ಪೂಲ್‌ನ ಅಮೆರಿಕನ್ ಕಾನ್ಸಲ್, ಅಂದರೆ ಆ ಊರಿನಲ್ಲಿ ಅಮೆರಿಕ ಸರ್ಕಾರದ ಪ್ರತಿನಿಧಿ, ಥಾಮಸ್ ಡಡ್ಲಿ. ಅವರೂ ವಕೀಲರೇ. ಹಡಗುಕಟ್ಟೆಯ ಕೆಲಸಗಾರರು, ನಾವಿಕರಿಂದ ಮಾಹಿತಿ ಸೇರಿಸಿದರು. ಜೂನ್ 23ರಂದು ಆಡಮ್ಸ್ ಮೊದಲ ದೂರನ್ನು ರಸೆಲ್‌ಗೆ ಕಳಿಸಿದರು. ಸುಂಕದ ಇಲಾಖೆಯವರು ಹೋಗಿ ನೋಡಿ, ಇದು ಯುದ್ಧಕ್ಕಾಗಿಯೇ ಕಟ್ಟಿದ ಹಡಗು ಎಂಬುದು ನಿಜ, ಆದರೆ ಯಾರಿಗಾಗಿ ಎಂಬುದಕ್ಕೆ ಪುರಾವೆ ಇಲ್ಲ ಎಂದು ವರದಿ ಕೊಟ್ಟರು.

ಇಲ್ಲಿಂದ ಮುಂದಿನದು ಸಾಕ್ಷ್ಯ ಕಟ್ಟುವ ಕಲೆ. ಕೇಳಿದ ಮಾತು ಸಾಕ್ಷ್ಯವಾಗದು. ನೋಡಿದವನೇ ಪ್ರಮಾಣ ಮಾಡಿ ಹೇಳಬೇಕು. ಡಡ್ಲಿ ಅಂಥವರನ್ನು ಹುಡುಕಿದರು. ಒಬ್ಬ ವಿಲಿಯಂ ಪ್ಯಾಸ್‌ಮೋರ್ ಎಂಬ ನಾವಿಕ. ಹಡಗಿನ ಕ್ಯಾಪ್ಟನ್ ತನ್ನನ್ನು ಕೆಲಸಕ್ಕೆ ಸೇರಿಸಿಕೊಂಡನೆಂದೂ, ಹಡಗು ದಕ್ಷಿಣದ ಪರ ಹೋರಾಡಲು ಹೊರಟಿದೆ ಎಂದು ತನಗೆ ಹೇಳಿದನೆಂದೂ ಆತ ಪ್ರಮಾಣ ಮಾಡಿದ. ಜುಲೈ 21ರಂದು ಅವನದೂ ಸೇರಿ ಆರು ಅಫಿಡವಿಟ್‌ಗಳು ಸುಂಕದ ಅಧಿಕಾರಿಯ ಮುಂದೆ ದಾಖಲಾದವು. ಆಡಮ್ಸ್ ಅವನ್ನು ಲಂಡನ್ನಿನ ಹೆಸರಾಂತ ಬ್ಯಾರಿಸ್ಟರ್ ರಾಬರ್ಟ್ ಕಾಲಿಯರ್‌ಗೆ ತೋರಿಸಿದರು. ಇದಕ್ಕಿಂತ ಬಲವಾದ ಮೊಕದ್ದಮೆ ಸಿಗುವುದು ಕಷ್ಟ, ಹಡಗನ್ನು ತಡೆಹಿಡಿಯುವುದು ಅಧಿಕಾರಿಯ ಕರ್ತವ್ಯ ಎಂದು ಕಾಲಿಯರ್ ಬರೆದುಕೊಟ್ಟರು. ಬ್ರಿಟಿಷ್ ಕಾಯ್ದೆಯ ಬಗ್ಗೆ ಅಮೆರಿಕನ್ ಹೇಳುವುದಕ್ಕಿಂತ ಬ್ರಿಟಿಷ್ ಬ್ಯಾರಿಸ್ಟರನೇ ಹೇಳುವಂತೆ ಮಾಡಿದ್ದು ಆಡಮ್ಸ್ ಅವರ ಜಾಣ ನಡೆ. ಜುಲೈ 22 ಮತ್ತು 24ರಂದು ಈ ಕಾಗದಗಳೆಲ್ಲ ವಿದೇಶಾಂಗ ಕಚೇರಿ ಸೇರಿದವು.

ಅಲ್ಲಿಂದ ಅವು ಸರ್ಕಾರಿ ಕಾನೂನು ಅಧಿಕಾರಿಗಳಿಗೆ ಹೋಗಬೇಕು. ಮೊದಲು ಹೋದದ್ದು ಸರ್ ಜಾನ್ ಹಾರ್ಡಿಂಗ್ ಅವರಿಗೆ. ಆ ಹೊತ್ತಿಗೆ ಅವರ ಬುದ್ಧಿಸ್ವಾಸ್ಥ್ಯ ಕೆಟ್ಟುಹೋಗಿತ್ತು. ಅದು ಕಚೇರಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಕಾಗದದ ಕಟ್ಟು ಅವರಲ್ಲೇ ದಿನಗಟ್ಟಲೆ ಬಿದ್ದಿತ್ತು. 28ರಂದು ಅವನ್ನು ತರಿಸಿಕೊಂಡು, ಉಳಿದ ಇಬ್ಬರು ಅಧಿಕಾರಿಗಳು 29ರಂದು ಅಭಿಪ್ರಾಯ ಕೊಟ್ಟರು: ಹಡಗನ್ನು ಕೂಡಲೇ ವಶಕ್ಕೆ ತೆಗೆದುಕೊಳ್ಳಿ. ಅಂದೇ ಬೆಳಗ್ಗೆ ಹಡಗು ಹೊರಟಾಗಿತ್ತು. ಇನ್ನೂ ನೋವಿನ ಸಂಗತಿ, ಅದು ತಕ್ಷಣ ದೂರ ಹೋಗಲಿಲ್ಲ. ವೇಲ್ಸ್ ಕರಾವಳಿಯ ಮೋಲ್ಫ್ರಾ ಕೊಲ್ಲಿಯಲ್ಲಿ ನಿಂತು, ಅದೇ ಹರ್ಕ್ಯುಲಿಸ್ ಟಗ್ ತಂದ ನಾವಿಕರನ್ನು ಹತ್ತಿಸಿಕೊಂಡು, 31ರಂದು ಅಲ್ಲಿಂದ ಹೊರಟಿತು. ಎರಡು ದಿನ ಅದು ಬ್ರಿಟಿಷ್ ನೀರಿನಲ್ಲೇ ಇತ್ತು.

ಆಡಮ್ಸ್ ಸೋತರು. ಆದರೆ ಸೋತ ಮೇಲೆ ಮಾಡಿದ್ದೇ ಮುಖ್ಯ. ಅಲಬಾಮಾ ಸುಟ್ಟ ಹಡಗುಗಳ ಮಾಲೀಕರು ಕೊಟ್ಟ ದೂರುಗಳನ್ನು ಒಂದೊಂದಾಗಿ, ತಾರೀಕು ಸಮೇತ, ರಸೆಲ್‌ಗೆ ಕಳಿಸುತ್ತಾ ಹೋದರು. 1862ರ ನವೆಂಬರ್ 20ರಂದು ಪರಿಹಾರ ಕೇಳಿದರು. ಹೊಣೆ ನಮ್ಮದಲ್ಲ ಎಂಬ ಉತ್ತರ ಬರುತ್ತಿತ್ತು, ಆಡಮ್ಸ್ ಮತ್ತೆ ಕಳಿಸುತ್ತಿದ್ದರು. 1863ರ ಅಕ್ಟೋಬರ್‌ನಲ್ಲಿ, ನ್ಯಾಯವಾದ ಯಾವುದೇ ಬಗೆಯ ಮಧ್ಯಸ್ಥಿಕೆಗೆ ನಮ್ಮ ಸರ್ಕಾರ ಸಿದ್ಧ ಎಂದೂ ಬರೆದಿಟ್ಟರು. ಅಂದು ಯಾರೂ ಕಿವಿಗೊಡಲಿಲ್ಲ. ಆದರೆ ಅಂದೇ ಕೇಳಿದ್ದೆವು, ಅಂದೇ ತಕರಾರು ಹೂಡಿದ್ದೆವು ಎಂದು ತೋರಿಸುವ ಕಡತ ಬೆಳೆಯುತ್ತಿತ್ತು.

ಕಾಯ್ದೆಯ ಸಂದಿ ಎಷ್ಟು ದೊಡ್ಡದೆಂದು 1863ರಲ್ಲಿ ನ್ಯಾಯಾಲಯವೇ ತೋರಿಸಿಕೊಟ್ಟಿತು. ಏಪ್ರಿಲ್‌ನಲ್ಲಿ ಸರ್ಕಾರ ಅಲೆಕ್ಸಾಂಡ್ರಾ ಎಂಬ ಹಡಗನ್ನು ಹಿಡಿಯಿತು. ಜೂನ್‌ನಲ್ಲಿ ವಿಚಾರಣೆ ನಡೆಸಿದ ನ್ಯಾಯಾಧೀಶ ಪೊಲಾಕ್, ಶಸ್ತ್ರ ಮಾರುವುದು ಹೇಗೆ ವ್ಯಾಪಾರವೋ ಹಡಗು ಕಟ್ಟಿ ಮಾರುವುದೂ ಹಾಗೆಯೇ ಎಂಬ ಧಾಟಿಯಲ್ಲಿ ಜ್ಯೂರಿಗೆ ತಿಳಿಹೇಳಿದರು. ಸರ್ಕಾರ ಸೋತಿತು.

ಅದೇ ಹೊತ್ತಿಗೆ ಲೇರ್ಡ್ ಕಟ್ಟೆಯಲ್ಲಿ ಇನ್ನೆರಡು ಹಡಗುಗಳು ಏಳುತ್ತಿದ್ದವು, ಸಂಖ್ಯೆ 294 ಮತ್ತು 295. ಇವು ಬೇರೆ ಜಾತಿ: ಮೈಗೆಲ್ಲ ಕಬ್ಬಿಣದ ಕವಚ, ಮೂತಿಯಲ್ಲಿ ಎದುರಿನ ಹಡಗನ್ನು ಗುದ್ದಿ ಸೀಳುವ ಕೊಂಬು. ದಿಗ್ಬಂಧನದ ಮರದ ಹಡಗುಗಳನ್ನು ಒಡೆಯಲೆಂದೇ ಮಾಡಿದ್ದು. ಕಾಗದದ ಮೇಲೆ ಪ್ಯಾರಿಸ್ಸಿನ ಬ್ರಾವೇ ಕಂಪನಿ ಇವನ್ನು ಈಜಿಪ್ಟಿನ ಪಾಷಾಗೆಂದು ಕೊಂಡಿತ್ತು. ಎರಡನೆಯದು ನೀರಿಗಿಳಿದದ್ದು 1863ರ ಆಗಸ್ಟ್ 29ರಂದು. ಸೆಪ್ಟೆಂಬರ್ 1ರ ತಾರೀಕಿನ ರಸೆಲ್ ಪತ್ರ, ತಡೆಯಲು ಸಾಕಷ್ಟು ಪುರಾವೆ ಇಲ್ಲ ಎಂದಿತು. 5ರಂದು ಆಡಮ್ಸ್ ಬರೆದ ಉತ್ತರದ ಒಂದು ಸಾಲು ಇತಿಹಾಸ ಸೇರಿತು: ಇದು ಯುದ್ಧವೆಂದು ತಮಗೆ ಬಿಡಿಸಿ ಹೇಳುವ ಅಗತ್ಯವಿಲ್ಲ.

ಈ ಪತ್ರದಿಂದಲೇ ಹಡಗುಗಳು ನಿಂತವು ಎಂದು ಬಹಳ ಕಾಲ ನಂಬಿದ್ದರು. ತಾರೀಕುಗಳನ್ನು ಜೋಡಿಸಿದರೆ ಬೇರೆ ಚಿತ್ರ ಬರುತ್ತದೆ: ತಡೆಯಿರಿ ಎಂದು ರಸೆಲ್ ಆದೇಶಿಸಿದ್ದು 3ರಂದು, ಆಡಮ್ಸ್‌ಗೆ ಅದನ್ನು ವಿಧಿವತ್ತಾಗಿ ತಿಳಿಸಿದ್ದು 8ರಂದು. ಹಾಗೆಂದು ಆಡಮ್ಸ್ ಅವರ ಪಾಲು ಕಡಿಮೆಯಾಗುವುದಿಲ್ಲ. ರಸೆಲ್ ಮನಸ್ಸು ಬದಲಿಸಿದ್ದು ಅಲಬಾಮಾದ ಕಡತ ಎದುರಿಗಿದ್ದುದರಿಂದ. ಇನ್ನೊಂದು ಹಡಗು ಜಾರಿದರೆ ಗೊತ್ತಿರಲಿಲ್ಲ ಎಂದು ಹೇಳಲು ದಾರಿ ಉಳಿದಿರಲಿಲ್ಲ. ಕೊನೆಗೆ ಬ್ರಿಟಿಷ್ ನೌಕಾಪಡೆಯೇ ಎರಡನ್ನೂ ಕೊಂಡು ಸ್ಕಾರ್ಪಿಯನ್, ವೈವರ್ನ್ ಎಂದು ಹೆಸರಿಟ್ಟಿತು.

ಜಿನೀವಾ

1864ರ ಜೂನ್ 19ರಂದು ಫ್ರಾನ್ಸಿನ ಶೆರ್ಬರ್ಗ್ ಎದುರು ಅಮೆರಿಕದ ಕಿಯರ್‌ಸಾರ್ಜ್ ನೌಕೆ ಅಲಬಾಮಾವನ್ನು ಮುಳುಗಿಸಿತು. ದಾವೆ ಮುಳುಗಲಿಲ್ಲ. 1865ರಲ್ಲಿ ಮಧ್ಯಸ್ಥಿಕೆಯ ಪ್ರಸ್ತಾಪವನ್ನು ರಸೆಲ್ ತಿರಸ್ಕರಿಸಿದರು. 1868ರಲ್ಲಿ ಆಡಮ್ಸ್ ಊರಿಗೆ ಮರಳಿದರು. ಮುಂದಿನ ಒಪ್ಪಂದವೊಂದನ್ನು 1869ರ ಏಪ್ರಿಲ್‌ನಲ್ಲಿ ಅಮೆರಿಕದ ಸೆನೆಟ್ 54ಕ್ಕೆ 1 ಮತದಿಂದ ತಳ್ಳಿಹಾಕಿತು. ಅಂದು ಸಮ್ನರ್, ಅಲಬಾಮಾದಿಂದ ಯುದ್ಧವೇ ಲಂಬಿಸಿತು, ಆ ವೆಚ್ಚವನ್ನೂ ಬ್ರಿಟನ್ ಕೊಡಬೇಕು ಎಂದು ವಾದಿಸಿದರು. ಲೆಕ್ಕ ಹಾಕಿದರೆ ಅದು 200 ಕೋಟಿ ಡಾಲರ್ ದಾಟುತ್ತಿತ್ತು.

ಬ್ರಿಟನ್ ಕೊನೆಗೆ ಮಣಿದದ್ದಕ್ಕೆ ಸ್ವಂತ ಭಯವೂ ಕಾರಣ. ಜಗತ್ತಿನ ಅತಿ ದೊಡ್ಡ ವ್ಯಾಪಾರಿ ಹಡಗುಪಡೆ ಅದರದ್ದು. ನಾಳೆ ಬ್ರಿಟನ್ ಯುದ್ಧಕ್ಕಿಳಿದಾಗ ತಟಸ್ಥ ಅಮೆರಿಕದ ಬಂದರುಗಳಿಂದ ಇಂಥ ಹಡಗುಗಳು ಹೊರಟರೆ? 1870ರಲ್ಲಿ ಅದು ತನ್ನ ಕಾಯ್ದೆಯನ್ನೇ ಬದಲಿಸಿ, ಕಟ್ಟುವುದನ್ನೂ ಅಪರಾಧ ಮಾಡಿತು. 1871ರ ಮೇ 8ರಂದು ವಾಷಿಂಗ್ಟನ್ ಒಪ್ಪಂದವಾಯಿತು. ಅದರ ಜೀವಾಳ ಮೂರು ನಿಯಮಗಳು: ತನ್ನ ನೆಲದಲ್ಲಿ ಯುದ್ಧಕ್ಕೆ ಹಡಗು ಸಜ್ಜಾಗುತ್ತಿದೆ ಎಂದು ನಂಬಲು ಕಾರಣವಿದ್ದರೆ ಅದನ್ನು ತಡೆಯಲು ತಟಸ್ಥ ದೇಶ ತಕ್ಕ ಎಚ್ಚರ ವಹಿಸಬೇಕು, ತನ್ನ ಬಂದರನ್ನು ಯಾವ ಪಕ್ಷಕ್ಕೂ ಯುದ್ಧದ ನೆಲೆಯಾಗಲು ಬಿಡಕೂಡದು, ಇವು ಮುರಿಯದಂತೆ ತನ್ನ ಬಂದರುಗಳಲ್ಲೂ ತನ್ನ ಆಡಳಿತದಲ್ಲಿರುವ ಜನರ ಮೇಲೂ ನಿಗಾ ಇಡಬೇಕು. 1862ರಲ್ಲಿ ಇವು ಜಾರಿಯಲ್ಲಿದ್ದ ಕಾನೂನೆಂದು ಬ್ರಿಟನ್ ಒಪ್ಪಲಿಲ್ಲ. ಆದರೂ ತೀರ್ಪಿಗೆ ಇವನ್ನೇ ಅಳತೆಗೋಲಾಗಿ ಬಳಸಲು ಒಪ್ಪಿತು. ಅರ್ಧ ಮೊಕದ್ದಮೆ ಅಲ್ಲೇ ತೀರ್ಮಾನವಾಯಿತು.

ಐವರು ಪಂಚರು: ಅಮೆರಿಕದಿಂದ ಆಡಮ್ಸ್, ಬ್ರಿಟನ್‌ನಿಂದ ಮುಖ್ಯ ನ್ಯಾಯಮೂರ್ತಿ ಸರ್ ಅಲೆಕ್ಸಾಂಡರ್ ಕೋಬರ್ನ್, ಇಟಲಿಯ ಕೌಂಟ್ ಸ್ಕ್ಲೋಪಿಸ್, ಸ್ವಿಟ್ಜರ್ಲೆಂಡಿನ ಸ್ಟೆಂಪ್‌ಫ್ಲಿ, ಬ್ರೆಜಿಲ್‌ನ ಇತಾಜುಬಾ. ಹಿಂದೆ ದೂರು ಕೊಟ್ಟವನೇ ಪಂಚನಾಗಬಹುದೇ? ಇಂಥ ಮಂಡಳಿಯಲ್ಲಿ ಎರಡೂ ಕಡೆಯವರು ತಮ್ಮವನೊಬ್ಬನನ್ನು ಕೂರಿಸುವುದು ಗೊತ್ತಿದ್ದೇ; ಇತ್ಯರ್ಥ ನಡುವಿನ ಮೂವರ ಕೈಯಲ್ಲಿರುತ್ತದೆ. 1871ರ ಡಿಸೆಂಬರ್ 15ರಂದು ಜಿನೀವಾ ನಗರಸಭೆಯ ಕಟ್ಟಡದಲ್ಲಿ ಮಂಡಳಿ ಮೊದಲು ಸೇರಿತು. ಅದೇ ಕೋಣೆಯಲ್ಲಿ 1864ರಲ್ಲಿ ಯುದ್ಧದ ಗಾಯಾಳುಗಳ ರಕ್ಷಣೆಗಾಗಿ ಮೊದಲ ಜಿನೀವಾ ಒಪ್ಪಂದಕ್ಕೆ ಸಹಿ ಬಿದ್ದಿತ್ತು.

ಅಮೆರಿಕ ಸಲ್ಲಿಸಿದ ದಾವೆಯಲ್ಲಿ ಪರೋಕ್ಷ ನಷ್ಟಗಳೂ ಇದ್ದವು: ಏರಿದ ವಿಮೆ ದರ, ಬೇರೆ ದೇಶದ ಬಾವುಟಕ್ಕೆ ವರ್ಗವಾದ ಹಡಗುಗಳು, ಲಂಬಿಸಿದ ಯುದ್ಧ. ಬ್ರಿಟನ್ ಕೆರಳಿ, 1872ರ ಜೂನ್‌ನಲ್ಲಿ ಎಂಟು ತಿಂಗಳು ಮುಂದೂಡಿ ಎಂದು ಕೇಳಿತು. ಮುಂದೂಡಿದ್ದರೆ ಇಡೀ ಏರ್ಪಾಡು ಮುರಿದುಬೀಳುತ್ತಿತ್ತು. ಅಮೆರಿಕ ಸರ್ಕಾರಕ್ಕೆ ತಾನಾಗಿ ದಾವೆ ಹಿಂತೆಗೆಯುವುದು ಮರ್ಯಾದೆಯ ಪ್ರಶ್ನೆ. ಆಡಮ್ಸ್ ಕಂಡುಕೊಂಡ ದಾರಿ ಇದು: ಇಂಥ ನಷ್ಟಕ್ಕೆ ಅಂತರರಾಷ್ಟ್ರೀಯ ಕಾನೂನಿನಲ್ಲಿ ಪರಿಹಾರ ಕೊಡಲು ಆಧಾರವಿಲ್ಲ ಎಂದು ಮಂಡಳಿಯೇ, ಯಾರೂ ಕೇಳದೆ, ತೀರ್ಪಿನ ಹೊರಗಿನ ಅಭಿಪ್ರಾಯವಾಗಿ ಮೊದಲೇ ಹೇಳಿಬಿಡುವುದು. ತನ್ನ ದೇಶದ ದೊಡ್ಡ ಬೇಡಿಕೆಯನ್ನು ತಾನೇ ಮುಂದಾಗಿ ಕೈಬಿಡಿಸಿದ ಈ ನಡೆ ಅವರ ವೃತ್ತಿಜೀವನದ ಅತ್ಯಂತ ಧೈರ್ಯದ ಕೆಲಸವೆಂದು ನಾನು ಎಣಿಸುತ್ತೇನೆ. ಜೂನ್ 19ರಂದು ಸ್ಕ್ಲೋಪಿಸ್ ಅದನ್ನು ಓದಿದರು. ಎರಡೂ ಸರ್ಕಾರಗಳು ಒಪ್ಪಿದವು, ವಿಚಾರಣೆ ಮುಂದುವರಿಯಿತು.

ಸೆಪ್ಟೆಂಬರ್ 14ರಂದು ತೀರ್ಪು. ಅಲಬಾಮಾ ವಿಷಯದಲ್ಲಿ ಐವರೂ ಬ್ರಿಟನ್ ಹೊಣೆ ಎಂದರು, ಕೋಬರ್ನ್ ಕೂಡ. ಫ್ಲಾರಿಡಾಕ್ಕೆ ನಾಲ್ವರು. ಮೆಲ್ಬರ್ನ್ ಬಂದರಿನಲ್ಲಿ ನಾವಿಕರನ್ನು ಸೇರಿಸಿಕೊಂಡ ಶೆನಾಂಡೋವಾ ಹಡಗಿಗೆ, ಅಲ್ಲಿಂದ ಮುಂದಿನ ನಷ್ಟಕ್ಕೆ ಮಾತ್ರ, ಮೂವರು. ಜಾರ್ಜಿಯಾ, ಸಮ್ಟರ್ ಮೊದಲಾದವುಗಳಿಗೆ ಬ್ರಿಟನ್ ಹೊಣೆಯಲ್ಲ ಎಂದು ಎಲ್ಲರೂ ಒಪ್ಪಿದರು. ಆಡಮ್ಸ್ ಅಲ್ಲಿ ತಮ್ಮ ದೇಶದ ವಿರುದ್ಧವೇ ಮತ ಹಾಕಿದರು. ಒಟ್ಟು ಪರಿಹಾರ 1 ಕೋಟಿ 55 ಲಕ್ಷ ಡಾಲರ್, ಚಿನ್ನದಲ್ಲಿ. ಕೋಬರ್ನ್ ಸಹಿ ಹಾಕದೆ ಹೊರನಡೆದರು. ಬ್ರಿಟನ್ 1873ರಲ್ಲಿ ಹಣ ಕಟ್ಟಿತು.

ಜಿನೀವಾದ ಕೆಲಸದ ನಡುವೆ ಇನ್ನೊಂದು ಅವಕಾಶ ತಪ್ಪಿತ್ತು. 1872ರ ಮೇ ತಿಂಗಳಲ್ಲಿ ಸಿನ್ಸಿನಾಟಿಯಲ್ಲಿ ಸೇರಿದ ಲಿಬರಲ್ ರಿಪಬ್ಲಿಕನ್ನರ ಸಮಾವೇಶದಲ್ಲಿ ಅಧ್ಯಕ್ಷ ಅಭ್ಯರ್ಥಿತನಕ್ಕೆ ಮೊದಲ ಸುತ್ತಿನಲ್ಲಿ ಮುಂದಿದ್ದವರು ಆಡಮ್ಸ್. ನನಗಾಗಿ ಯಾರೂ ಚೌಕಾಶಿ ಮಾಡಕೂಡದು ಎಂದು ಪತ್ರ ಬರೆದಿಟ್ಟು ಅವರು ಯುರೋಪಿಗೆ ಹಡಗು ಹತ್ತಿದ್ದರು. ಆರನೇ ಸುತ್ತಿನಲ್ಲಿ ಹೊರೇಸ್ ಗ್ರೀಲಿ ಗೆದ್ದರು. ಊರಿಗೆ ಮರಳಿದ ಆಡಮ್ಸ್ ಅಪ್ಪನ ದಿನಚರಿಯನ್ನು 1874ರಿಂದ 1877ರವರೆಗೆ 12 ಸಂಪುಟಗಳಲ್ಲಿ ಹೊರತಂದರು.

ಪರಿಹಾರದ ಹಣ ಹಂಚಲು ಅಮೆರಿಕ 1874ರಲ್ಲಿ ಬೇರೆ ನ್ಯಾಯಾಲಯ ತೆರೆಯಿತು. ಮೂರು ಹಡಗುಗಳು ಸುಟ್ಟ ಸರಕಿಗೆಲ್ಲ ಕೊಟ್ಟ ಮೇಲೂ ಹಣ ಮಿಕ್ಕಿತು. 1882ರಲ್ಲಿ ಎರಡನೇ ನ್ಯಾಯಾಲಯ ಕೂತು, ಆ ಮಿಕ್ಕ ಹಣದಿಂದ, ಯುದ್ಧಕಾಲದಲ್ಲಿ ಹೆಚ್ಚಿನ ವಿಮೆ ಕಂತು ಕಟ್ಟಿದ ವ್ಯಾಪಾರಿಗಳಿಗೂ ಪಾಲು ಕೊಟ್ಟಿತು. ಜಿನೀವಾದಲ್ಲಿ ಆಡಮ್ಸ್ ಹೊರಗಿರಿಸಿದ ಬಾಬುಗಳಲ್ಲಿ ಅದೂ ಒಂದಾಗಿತ್ತು. ಆ ನ್ಯಾಯಾಲಯ 1885ರ ಕೊನೆಗೆ ಕೆಲಸ ಮುಗಿಸಿತು. ಆಡಮ್ಸ್ ತೀರಿಕೊಂಡದ್ದು ಮರುವರ್ಷ, ನವೆಂಬರ್ 21ರಂದು, ಬಾಸ್ಟನ್‌ನಲ್ಲಿ.